ಯಾವ ಕಣ್ಣೂರು, ಯಾವ ಖಾದರ್?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಕಣ್ಣೂರು, ಕಣ್ಣೂರು" ಅಂತ ಕೂಗಿದರೆ ನಮ್ಮಲ್ಲಿ ಯಾರಿಗೂ ಗೊಂದಲ ಇಲ್ಲ. ಪಡೀಲು ದಾಟಿ ಅಡ್ಯಾರಿಗೆ ಮೊದಲು ಸಿಗುವ ಕಣ್ಣೂರು ಅದು. ಅದೇ ಹೆಸರನ್ನು ಸ್ವಲ್ಪ ದೂರದ ಸೆಂಟ್ರಲ್ ರೈಲು ನಿಲ್ದಾಣದ ಕೌಂಟರಿನಲ್ಲಿ ಹೇಳಿ ನೋಡಿ. ಕಾಸರಗೋಡು, ಪಯ್ಯನ್ನೂರು ದಾಟಿ ಹೋಗುವ ಕೇರಳದ ಕಣ್ಣೂರಿಗೆ ಟಿಕೆಟ್ ಕೈಗೆ ಬರುತ್ತದೆ. ಹೆಸರು ಒಂದೇ, ಹೇಳಿದ ಜಾಗ ಬೇರೆ, ಅಷ್ಟೇ. ನಮ್ಮ ಕಣ್ಣೂರಿನವರೊಬ್ಬರು ದುಬೈಯಲ್ಲಿ "ನಾನು ಕಣ್ಣೂರು" ಅಂದರೆ ಎದುರಿನವರು ತಕ್ಷಣ ಮಲಯಾಳದಲ್ಲಿ ಮಾತು ಶುರು ಮಾಡುತ್ತಾರೆ. "ಆ ಕಣ್ಣೂರಲ್ಲ, ಮಂಗಳೂರಿನ ಕಣ್ಣೂರು" ಅಂತ ಬಿಡಿಸಿ ಹೇಳುವುದು ಅಲ್ಲಿರುವವರಿಗೆ ಅಭ್ಯಾಸ ಆಗಿಹೋಗಿದೆ.

ಊರಿನ ಹೆಸರಿಗೂ ಮನುಷ್ಯರ ಹೆಸರಿಗೂ ನಮ್ಮಲ್ಲಿ ಇರುವಷ್ಟು ನಂಟು ಬೇರೆ ಕಡೆ ಕಡಿಮೆ. ನಾವು ಬ್ಯಾರಿಗಳು ಒಬ್ಬರನ್ನೊಬ್ಬರು ಮೊದಲ ಸಲ ನೋಡಿದಾಗ ಸಲಾಂ ಆದ ಮೇಲೆ ಕೇಳುವುದು ಹೆಸರನ್ನಲ್ಲ, ಊರನ್ನು. ಹೆಸರು ಕೇಳಿ ಏನು ಪ್ರಯೋಜನ? ಅಬ್ದುಲ್ ಖಾದರ್ ಅಂತ ಹೇಳಿದರೆ ಗುರುತು ಸಿಗುವುದಿಲ್ಲ. ಊರು ಹೇಳಿದರೆ ಸಿಗುತ್ತದೆ. ಆಮೇಲೆ "ಅಲ್ಲಿ ಯಾರ ಮನೆ?" ಎಂಬ ಪ್ರಶ್ನೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಒಂದು ಸಂಬಂಧವಾದರೂ ಹೊರಬರುತ್ತದೆ.

ಆದರೆ ಊರಿಗೇ ಜೋಡಿ ಊರು ಇದ್ದರೆ? ಇದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಉಂಟು.

ಪುತ್ತೂರನ್ನೇ ತೆಗೆದುಕೊಳ್ಳಿ. ನಮ್ಮ ಪುತ್ತೂರು ತಾಲೂಕು ಕೇಂದ್ರ. ಉಡುಪಿ ನಗರದ ಒಳಗೇ ಇನ್ನೊಂದು ಪುತ್ತೂರು ಇದೆ. ತಿರುಪತಿ ಕಡೆಗೆ ಆಂಧ್ರದಲ್ಲಿ ಮತ್ತೊಂದು ಪುತ್ತೂರು, ಮುರಿದ ಎಲುಬಿಗೆ ಕಟ್ಟು ಕಟ್ಟುವ ನಾಟಿ ವೈದ್ಯಕ್ಕೆ ಹೆಸರಾದದ್ದು. ರೈಲ್ವೆಯವರಿಗೆ ಎರಡು ಸ್ಟೇಶನ್ನಿಗೆ ಒಂದೇ ಹೆಸರು ಇಟ್ಟರೆ ಕೆಲಸ ಕೆಡುತ್ತದೆ. ಅದಕ್ಕೇ ನಮ್ಮ ಸ್ಟೇಶನ್ನಿನ ಬೋರ್ಡಿನಲ್ಲಿ ಪಕ್ಕದ ಗ್ರಾಮದ ಹೆಸರನ್ನೂ ಸೇರಿಸಿ 'ಕಬಕ ಪುತ್ತೂರು' ಅಂತ ಬರೆದಿರುವುದು. ಹೊರಗಿನಿಂದ ಬಂದವರು ಇದೇನು ಎರಡು ಹೆಸರು ಎಂದು ಕೇಳುತ್ತಾರೆ. ಕಬಕದವರಿಗೆ ಅದರಲ್ಲಿ ಸಣ್ಣ ಹೆಮ್ಮೆಯೂ ಇದ್ದಿರಬಹುದು.

ಉಚ್ಚಿಲ ಎರಡಿದೆ. ಎರಡೂ ಕಡಲ ಬದಿ, ಎರಡೂ ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಕೊಂಡೇ, ಎರಡರಲ್ಲೂ ಮೊಗವೀರರೂ ಬ್ಯಾರಿಗಳೂ ಅಕ್ಕಪಕ್ಕ ಬಾಳಿದವರು. ಒಂದು ಉಡುಪಿ ಜಿಲ್ಲೆಯ ಪಡುಬಿದ್ರಿ-ಕಾಪು ನಡುವೆ, ಇನ್ನೊಂದು ಮಂಗಳೂರಿನಿಂದ ತೆಂಕಕ್ಕೆ ತಲಪಾಡಿಯ ದಾರಿಯಲ್ಲಿ. ಅದನ್ನು 'ಸೋಮೇಶ್ವರ ಉಚ್ಚಿಲ' ಎನ್ನುತ್ತೇವೆ. ಮದುವೆ ಕಾಗದದಲ್ಲಿ ಬರೀ 'ಉಚ್ಚಿಲ' ಅಂತ ಅಚ್ಚು ಹಾಕಿಸಿದರೆ ಉಡುಪಿ ಕಡೆಯ ನೆಂಟರು ಒಂದು ದಿಕ್ಕಿಗೆ, ಮಂಜೇಶ್ವರ ಕಡೆಯವರು ಇನ್ನೊಂದು ದಿಕ್ಕಿಗೆ ಹೊರಟರೆ ಆಶ್ಚರ್ಯ ಏನೂ ಇಲ್ಲ. ಬಿರಿಯಾನಿ ಆರುವುದಂತೂ ಖಂಡಿತ.

ಉಳ್ಳಾಲದವರಿಗೆ ಬೆಂಗಳೂರಿನಲ್ಲಿ ಇನ್ನೊಂದು ಉಳ್ಳಾಲ ಸಿಗುತ್ತದೆ, ಕೆಂಗೇರಿ ಕಡೆಗೆ ಉಳ್ಳಾಲ ಉಪನಗರ ಅಂತ. ಕಟಪಾಡಿಯವರಿಗೆ ತಮಿಳುನಾಡಿನ ಕಾಟ್ಪಾಡಿ ಜಂಕ್ಷನ್ ಉಂಟು. ಮಂಗಳೂರಿನಿಂದ ಚೆನ್ನೈ ರೈಲು ಹತ್ತಿ ವೆಲ್ಲೂರಿನ ಆಸ್ಪತ್ರೆಗೆ ಹೋಗುವವರು ಇಳಿಯುವ ಸ್ಟೇಶನ್ ಅದೇ. ಬೆಂಗ್ರೆಗಳನ್ನಂತೂ ಎಣಿಸುವುದೇ ಬೇಡ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಹೊಯಿಗೆಯ ಪಟ್ಟಿ ಎಲ್ಲಿದ್ದರೂ ಅದು ಬೆಂಗ್ರೆಯೇ. ಹಾಗಾಗಿ ಕಸಬಾ ಬೆಂಗ್ರೆ, ತೋಟ ಬೆಂಗ್ರೆ, ಉಡುಪಿ ಕಡೆಯ ಕೋಡಿ ಬೆಂಗ್ರೆ ಎಂದು ಮುಂದೊಂದು ಪದ ಸೇರಿಸಿಕೊಂಡೇ ಹೇಳಬೇಕು. ಇಲ್ಲಿ ಒಂದು ಊರು ಇನ್ನೊಂದರ ಹೆಸರು ಕದ್ದದ್ದಲ್ಲ. ನೆಲದ ಗುಣ ಒಂದೇ ಆದ್ದರಿಂದ ಹೆಸರೂ ಒಂದೇ ಆಯಿತು.

ಫರಂಗಿಪೇಟೆಯ ಕತೆ ಇನ್ನೂ ಚೆನ್ನಾಗಿದೆ. ನೇತ್ರಾವತಿ ದಡದ ನಮ್ಮ ಫರಂಗಿಪೇಟೆಗೆ ಆ ಹೆಸರು ಬಂದದ್ದು ಯುರೋಪಿನವರಿಂದ. 'ಫ್ರಾಂಕ್' ಎಂಬ ಜನಾಂಗದ ಹೆಸರು ಅರಬರ ಬಾಯಲ್ಲಿ 'ಇಫ್ರಂಜ್', ಪಾರ್ಸಿಯಲ್ಲಿ 'ಫರಂಗ್' ಆಗಿ, ನಮ್ಮ ಕಡೆ ಬರುವ ಹೊತ್ತಿಗೆ ಬಿಳಿಯರೆಲ್ಲರೂ ಫರಂಗಿಗಳಾದರು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಇದೇ ಹೆಸರಿನ ಪರಂಗಿಪೇಟೈ ಇದೆ. ಅದೂ ಹಳೆಯ ಬಂದರು, ಅಲ್ಲೂ ನಮ್ಮ ಹಾಗೆಯೇ ಕಡಲ ವ್ಯಾಪಾರದ ಮುಸ್ಲಿಮರು. ಪೋರ್ಚುಗೀಸರು ಅದನ್ನು ಪೋರ್ಟೊ ನೋವೊ ಎಂದರು, ಮಹಮೂದ್ ಬಂದರ್ ಎಂಬ ಹೆಸರೂ ಅದಕ್ಕಿತ್ತು. 1781ರಲ್ಲಿ ಹೈದರಲಿಗೂ ಇಂಗ್ಲಿಷರಿಗೂ ದೊಡ್ಡ ಯುದ್ಧ ನಡೆದದ್ದು ಅಲ್ಲೇ. ಲಕ್ನೋದಲ್ಲಿ ಫರಂಗಿ ಮಹಲ್ ಉಂಟು. ಒಂದು ಕಾಲದಲ್ಲಿ ಯುರೋಪಿನ ವ್ಯಾಪಾರಿಯ ಕೈಯಲ್ಲಿದ್ದ ಆ ಕಟ್ಟಡವನ್ನು ಔರಂಗಜೇಬ್ ಒಂದು ಉಲಮಾ ಕುಟುಂಬಕ್ಕೆ ಕೊಟ್ಟ. ಆ ಮನೆಯ ಮುಲ್ಲಾ ನಿಝಾಮುದ್ದೀನ್ ರೂಪಿಸಿದ ಪಾಠಕ್ರಮವೇ 'ದರ್ಸೆ ನಿಝಾಮಿ'. ಈ ದೇಶದ ಎಷ್ಟೋ ಮದರಸಗಳಲ್ಲಿ ಇವತ್ತಿಗೂ ಓದಿಸುವುದು ಅದನ್ನು. ಫರಂಗಿಯ ಹೆಸರಿನ ಮನೆಯಿಂದ ದೀನೀ ಶಿಕ್ಷಣದ ಪಾಠಕ್ರಮ! ಹೆಸರಿಗೂ ಒಳಗಿನ ಹೂರಣಕ್ಕೂ ಸಂಬಂಧ ಇರಲೇಬೇಕೆಂದು ಇಲ್ಲವಲ್ಲ.

ಮಂಗಳೂರುಗಳು ಎಷ್ಟು?

ಮಂಗಳೂರಿಗೆ ನಾವು ಮೈಕಾಲ ಎನ್ನುತ್ತೇವೆ, ತುಳುವರು ಕುಡ್ಲ, ಕೊಂಕಣಿಗರು ಕೊಡಿಯಾಲ್. ಒಂದು ಊರಿಗೆ ಇಷ್ಟು ಹೆಸರು ಇರುವುದು ಒಂದು ಕಡೆ. ಒಂದೇ ಹೆಸರಿಗೆ ಇಷ್ಟು ಊರು ಇರುವುದು ಇನ್ನೊಂದು ಕಡೆ. ಹತ್ತಿರದಲ್ಲೇ ಪಾಣೆಮಂಗಳೂರು ಇದೆ. ಕಡಲೂರು ಜಿಲ್ಲೆಯಲ್ಲಿ, ಅಂದರೆ ಆ ಪರಂಗಿಪೇಟೈ ಇರುವ ಜಿಲ್ಲೆಯಲ್ಲೇ, ಮಂಗಳೂರು ಎಂಬ ವಿಧಾನಸಭಾ ಕ್ಷೇತ್ರವೇ ಇತ್ತು. 2001ರಲ್ಲಿ ಅಲ್ಲಿಂದ ಗೆದ್ದವರು ತಮಿಳು ನಾಯಕ ತಿರುಮಾವಳವನ್. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಮಾಂಗ್ರೋಳ್ ಎಂಬ ಬಂದರಿದೆ. ಹಳೆಯ ಬರಹಗಳಲ್ಲಿ ಅದೂ ಮಂಗಳೂರ್ ಎಂದೇ ಕಾಣಿಸಿಕೊಳ್ಳುತ್ತದೆ. ಎರಡೂ ಅರಬ್ಬೀ ಕಡಲಿನ ಬಂದರುಗಳಾದ್ದರಿಂದ ಹಳೆಯ ನಾವಿಕರ ದಾಖಲೆ ಓದುವವರು ಇದು ಯಾವ ಮಂಗಳೂರು ಎಂದು ಪ್ರತಿ ಸಲ ನಿಂತು ನೋಡಬೇಕು.

14ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತ 'ಮಂಜರೂರ್' ಎಂದು ಬರೆದದ್ದು ಮಾತ್ರ ನಮ್ಮ ಮಂಗಳೂರೇ. ಸುಮಾರು 4000 ಮುಸ್ಲಿಮರು ಪೇಟೆಯ ಹೊರವಲಯದಲ್ಲಿ ನೆಲೆಸಿದ್ದರೆಂದು ಆತ ಹೇಳಿದ್ದಾನೆ. ಆ ನಾಲ್ಕು ಸಾವಿರದಲ್ಲಿ ಎಷ್ಟು ಮುಹಮ್ಮದ್, ಎಷ್ಟು ಇಬ್ರಾಹಿಂ ಇದ್ದರೋ!

ಇನ್ನೂ ದೂರ ಹೋಗುವುದಾದರೆ ಆಸ್ಟ್ರೇಲಿಯಾ. ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ಮ್ಯಾಂಗಲೋರ್ ಎಂಬ ಊರಿದೆ, ಅದಕ್ಕೊಂದು ವಿಮಾನ ನಿಲ್ದಾಣವೂ ಇದೆ. ಅಲ್ಲಿ ನಡೆಯುವುದು ಹೆಚ್ಚಾಗಿ ಪೈಲಟ್ ತರಬೇತಿ. ಟಾಸ್ಮೇನಿಯಾ ದ್ವೀಪದಲ್ಲಿ ಇನ್ನೊಂದು ಮ್ಯಾಂಗಲೋರ್. ಅದರ ಪಕ್ಕದ ಊರಿನ ಹೆಸರು ಕೇಳಿದರೆ ನೀವು ನಗುತ್ತೀರಿ: ಬಾಗ್ದಾದ್. ಇನ್ನೂ ಮುಂದೆ ಜೆರಿಕೊ, ಆ ಸೀಮೆಯಲ್ಲಿ ಹರಿಯುವ ಹೊಳೆ ಜೋರ್ಡಾನ್. ಬೈಬಲ್ಲನ್ನೂ ಅರೇಬಿಯನ್ ನೈಟ್ಸನ್ನೂ ಚೀಲದಲ್ಲಿಟ್ಟುಕೊಂಡು ಕಾಡು ತಿರುಗುತ್ತಿದ್ದ ಸೈನಿಕನೊಬ್ಬ ಅಲ್ಲಿನ ಜಾಗಗಳಿಗೆ ಇಂಥ ಹೆಸರಿಟ್ಟ ಎಂಬ ಕತೆ ಅಲ್ಲಿಯ ಜನರ ಬಾಯಲ್ಲಿದೆ. ಕತೆ ಏನೇ ಇರಲಿ, ಮಂಗಳೂರಿನಿಂದ ಹೊರಟು ಕೆಲವೇ ನಿಮಿಷದಲ್ಲಿ ಬಾಗ್ದಾದ್ ತಲುಪುವ ಜಾಗ ಭೂಮಿಯ ಮೇಲೆ ಅದೊಂದೇ ಇರಬೇಕು.

ಒಬ್ಬ ವಲಿಯ ಎರಡು ಹೆಸರು

ಈಗ ಮನುಷ್ಯರ ಹೆಸರಿಗೆ ಬರೋಣ. ಹಳೆಯ ಬ್ಯಾರಿ ಮನೆಗಳಲ್ಲಿ ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಹೆಣ್ಣಿಗೆ ಅಜ್ಜಿಯ ಹೆಸರು ಇಡುವುದು ವಾಡಿಕೆ. ಅಜ್ಜನಿಗೆ ಐದು ಗಂಡುಮಕ್ಕಳಿದ್ದರೆ ಲೆಕ್ಕ ಹಾಕಿ ನೋಡಿ. ಒಂದೇ ಅಂಗಳದಲ್ಲಿ ಐದು ಮಂದಿ ಮೊಮ್ಮಕ್ಕಳು, ಐವರೂ ಮುಹಮ್ಮದ್. ಅಜ್ಜನ ಹೆಸರನ್ನು ಸೊಸೆಯಂದಿರು ಬಾಯಿಬಿಟ್ಟು ಕರೆಯುವಂತಿಲ್ಲ, ಹಾಗಾಗಿ ಒಬ್ಬ ಮೋನು, ಒಬ್ಬ ಪುತ್ತು, ಒಬ್ಬ ಕುಂಞಿ, ಒಬ್ಬ ಬಾವ. ಹೀಗೆ ಕರೆಯುವ ಹೆಸರು ಬೇರೆ, ಬರೆಯುವ ಹೆಸರು ಬೇರೆ ಆಯಿತು.

ಬಾಯಲ್ಲಿ ಹೊರಳಿದ ರೂಪಗಳೂ ಸೇರಿಕೊಂಡವು. ಅಬ್ದುಲ್ ರಹಿಮಾನ್ ಅದ್ರಾಮ ಆದರು, ಅಬ್ದುಲ್ಲ ಅದ್ದು ಆದರು, ಹಸನ್ ಹಸನಬ್ಬ, ಹುಸೈನ್ ಹುಸೈನಬ್ಬ. ನಫೀಸ ನೆಬಿಸ ಆದರು, ಫಾತಿಮಾ ಪಾತುಮ್ಮ ಆದರು, ಹವ್ವಾ ಅವ್ವಮ್ಮ ಆದರು. ಇದನ್ನು ಕೆಟ್ಟ ಉಚ್ಚಾರ ಎಂದು ನಗುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಅರಬಿ ಹೆಸರು ತುಳುನಾಡಿನ ಮಣ್ಣಿನಲ್ಲಿ ನೂರಾರು ವರ್ಷ ಬಾಳಿದ್ದಕ್ಕೆ ಅದೇ ಗುರುತು.

ಒಂದು ವಿಷಯ ನಮ್ಮಲ್ಲಿ ಹಲವರು ಗಮನಿಸಿರಲಿಕ್ಕಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ಮೊಯ್ದಿನ್ ಮತ್ತು ಅಬ್ದುಲ್ ಖಾದರ್. ಎರಡೂ ಒಬ್ಬರದೇ ಹೆಸರು! ಬಾಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು ಮುಹ್ಯಿದ್ದೀನ್. ಅದೇ ಮೊಹಿದೀನ್, ಅದೇ ಮೊಯ್ದಿನ್, ಅದೇ ಮೊಯ್ದಿನಬ್ಬ. 1607ರಲ್ಲಿ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅರಬಿ-ಮಲಯಾಳದಲ್ಲಿ ಕಟ್ಟಿದ ಮುಹ್ಯಿದ್ದೀನ್ ಮಾಲೆಯನ್ನು ಮಗ್ರಿಬ್ ಬಳಿಕ ರಾಗವಾಗಿ ಓದುತ್ತಿದ್ದ ಮನೆಗಳಲ್ಲಿ ಮಗು ಹುಟ್ಟಿದರೆ ಬೇರೆ ಹೆಸರು ನೆನಪಾಗುವುದಾದರೂ ಹೇಗೆ? ಇನ್ನು 'ಜೀಲಾನಿ' ಅಂದರೇನು? ಅದೂ ಊರಿನ ಹೆಸರೇ, ಇರಾನಿನ ಗೀಲಾನ್ ಸೀಮೆ.

ಹೀಗೆ ಹೆಸರು ಸಾಲದೆ ಬಂದಾಗ ಕಸುಬು ನೆರವಿಗೆ ಬಂತು. ಗುಜರಿ ಇಬ್ರಾಹಿಂ, ಟೈಲರ್ ಇಬ್ರಾಹಿಂ, ಬೀಡಿ ಬ್ರಾಂಚಿನ ಇಬ್ರಾಹಿಂ, ಮೀನಿನ ಇಬ್ರಾಹಿಂ. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದು ಬಂಗಲೆ ಕಟ್ಟಿದರೂ ಊರಿನವರ ಬಾಯಲ್ಲಿ ಅವರು ಮೀನಿನ ಇಬ್ರಾಹಿಮೇ. ಮಕ್ಕಳಿಗೆ ಇದು ಹಿಡಿಸದೆ ಇರಬಹುದು, ಆದರೆ ಪೋಸ್ಟ್‌ಮ್ಯಾನಿಗೆ ಇದರಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಅದಕ್ಕಿಂತ ಗಟ್ಟಿಯಾದ ಉಪಾಯ ಹೆಸರಿನ ಜೊತೆ ಊರನ್ನು ಕಟ್ಟುವುದು. ಬೊಳುವಾರು ಮಹಮದ್ ಕುಂಞಿ ಎಂದಾಗ ಪುತ್ತೂರಿನ ಬೊಳುವಾರು ಮುಂದೆ ಬಂತು. ಫಕೀರ್ ಮುಹಮ್ಮದ್ ಕಟ್ಪಾಡಿ ಎಂದಾಗ ಊರು ಹಿಂದೆ ಬಂತು. ಬರೀ ಮಹಮದ್ ಕುಂಞಿ ಎಂದರೆ ಕರಾವಳಿಯಲ್ಲಿ ಎಷ್ಟು ಮಂದಿ ತಿರುಗಿ ನೋಡಿಯಾರು! ಬೊಳುವಾರು ಎಂದರೆ 'ಸ್ವಾತಂತ್ರ್ಯದ ಓಟ' ಬರೆದು 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಒಬ್ಬರೇ.

ಇದನ್ನು ನಾವೇ ಕಂಡುಹಿಡಿದದ್ದು ಎಂದುಕೊಳ್ಳಬೇಡಿ. ಹದೀಸ್ ವಿದ್ವಾಂಸರಿಗೆ ಸಾವಿರ ವರ್ಷದ ಹಿಂದೆಯೇ ಈ ತಲೆನೋವು ಇತ್ತು. ಪ್ರವಾದಿ(ಸ)ಯವರ ಸಹಾಬಿಗಳಲ್ಲಿ ಅಬ್ದುಲ್ಲ ಎಂಬ ಹೆಸರಿನವರೇ ಇನ್ನೂರಕ್ಕೂ ಹೆಚ್ಚು ಮಂದಿ. ಒಂದು ಹದೀಸಿನ ಸನದಿನಲ್ಲಿ ಬರೀ ಹೆಸರು ಬಂದರೆ ಅದು ನಂಬಿಕಸ್ಥ ವರದಿಗಾರನದೋ, ಅದೇ ಹೆಸರಿನ ಇನ್ನೊಬ್ಬ ದುರ್ಬಲ ವರದಿಗಾರನದೋ? ಇದು ತಪ್ಪಿದರೆ ದೀನಿನ ಮಾತೇ ತಪ್ಪುತ್ತದೆ. ಅದಕ್ಕಾಗಿ ಹೆಸರು ಒಂದೇ, ಆಳು ಬೇರೆ ಎಂಬ ವಿಷಯಕ್ಕೇ ಒಂದು ಪ್ರತ್ಯೇಕ ವಿದ್ಯೆ ಬೆಳೆಯಿತು. 1071ರಲ್ಲಿ ತೀರಿಕೊಂಡ ಖತೀಬುಲ್ ಬಾಗ್ದಾದಿ 'ಅಲ್ ಮುತ್ತಫಿಖ್ ವಲ್ ಮುಫ್ತರಿಖ್' ಎಂಬ ಗ್ರಂಥವನ್ನು ಇದಕ್ಕಾಗಿಯೇ ಬರೆದರು. ಖಲೀಲ್ ಬಿನ್ ಅಹ್ಮದ್ ಎಂಬ ಹೆಸರಿನ ಆರು ಮಂದಿಯನ್ನು ಬಿಡಿಸಿ ಹೇಳುವುದು ಈ ವಿದ್ಯೆಯ ಪ್ರಸಿದ್ಧ ಉದಾಹರಣೆ. ಮಗನ ಹೆಸರು, ತಂದೆಯ ಹೆಸರು ಎರಡೂ ಒಂದೇ ಆದರೂ ಆರು ಬೇರೆ ಬೇರೆ ಮನುಷ್ಯರು!

ಊರುಗಳಿಗೂ ಇಂಥದ್ದೇ ಪುಸ್ತಕ ಬಂತು. ಬರೆದವರು 1229ರಲ್ಲಿ ತೀರಿಕೊಂಡ ಯಾಖೂತ್ ಅಲ್ ಹಮವಿ. ಇವರ ಬಾಳೇ ಒಂದು ಕತೆ. ಬಾಲ್ಯದಲ್ಲಿ ಗುಲಾಮನಾಗಿ ಬಾಗ್ದಾದಿನ ವ್ಯಾಪಾರಿಯೊಬ್ಬನ ಕೈಗೆ ಬಂದವರು. ಆ ವ್ಯಾಪಾರಿಯೇ ಓದು ಕಲಿಸಿದ, ವ್ಯಾಪಾರಕ್ಕೆಂದು ಪಾರ್ಸಿ ಕೊಲ್ಲಿಯ ಕಡೆಗೆಲ್ಲ ಕಳುಹಿಸಿದ. ಯಾಖೂತರ ಹೆಸರಿನಲ್ಲಿರುವ 'ಹಮವಿ', ಅಂದರೆ ಸಿರಿಯಾದ ಹಮಾ ಊರಿನವ ಎಂಬುದು, ಅವರ ಊರಲ್ಲ, ಒಡೆಯನ ಊರು! ಮರ್ವ್ ನಗರದ ವಿದ್ವಾಂಸರ ಸಭೆಯೊಂದರಲ್ಲಿ ಅರಬರ ಹಳೆಯ ಸಂತೆಯೊಂದರ ಹೆಸರನ್ನು ಹುಬಾಶ ಎನ್ನಬೇಕೋ ಹಬಾಶ ಎನ್ನಬೇಕೋ ಎಂಬ ಚರ್ಚೆ ಎದ್ದಿತು. ತನ್ನ ಮಾತಿಗೆ ಆಧಾರ ತೋರಿಸಲು ಪುಸ್ತಕ ಹುಡುಕಿ ಸಿಗದೆ, ಯಾಖೂತ್ ಊರುಗಳ ದೊಡ್ಡ ಕೋಶವನ್ನೇ ಬರೆಯಲು ಹೊರಟರು. ಅದೇ 'ಮುಅಜಮುಲ್ ಬುಲ್ದಾನ್'. ಅದರ ಜೊತೆಗೆ, ಹೆಸರು ಒಂದೇ ಆಗಿ ಜಾಗ ಬೇರೆಯಾದ ಊರುಗಳದ್ದೇ ಒಂದು ಪ್ರತ್ಯೇಕ ಪುಸ್ತಕವನ್ನೂ ಅವರು ಬರೆದರು. ಅರಬರು ಟ್ರಿಪೋಲಿಗಳನ್ನು ಬಿಡಿಸಿದ ರೀತಿ ನಮ್ಮ ರೈಲ್ವೆಯದ್ದೇ: ಲೆಬನಾನಿನದು ಶಾಮಿನ ತರಾಬುಲ್ಸ್, ಲಿಬಿಯಾದ್ದು ಪಡುವಣ ತರಾಬುಲ್ಸ್. ಕಬಕ ಪುತ್ತೂರು, ಸೋಮೇಶ್ವರ ಉಚ್ಚಿಲ ಎಂದ ಹಾಗೆಯೇ.

ನಾವು ಶಾಫಿಗಳು ದಿನವೂ ನೆನೆಯುವ ಇಮಾಂ ನವವಿಯವರ ಹೆಸರೂ ಊರಿನಿಂದಲೇ ಬಂದದ್ದು. ಸಿರಿಯಾದ ನವಾ ಎಂಬ ಪುಟ್ಟ ಊರು. ಬುಖಾರಿ ಅಂದರೆ ಬುಖಾರಾದವರು. ಹಾಗೆ ನೋಡಿದರೆ ಹೆಸರಿಗೆ ಊರು ಸೇರಿಸಿಕೊಂಡ ನಮ್ಮ ಬೀಡಿ ಬ್ರಾಂಚಿನ ಅಜ್ಜಂದಿರು ಇಮಾಮರುಗಳ ದಾರಿಯಲ್ಲೇ ಇದ್ದರು.

ಉಳ್ಳಾಲದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ರಾಣಿ ಅಬ್ಬಕ್ಕ ಒಬ್ಬರೇ ಎಂದು ನಾವು ತಿಳಿದಿರುತ್ತೇವೆ. ಆದರೆ 16ನೇ ಶತಮಾನದ ನಡುವೆ ಪೋರ್ಚುಗೀಸರನ್ನು ಎದುರಿಸಿದ ರಾಣಿಯೂ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡು ಮಾತಾಡಿಸಿದ ರಾಣಿಯೂ ಒಬ್ಬರೇ ಆಗಿರಲು ವಯಸ್ಸಿನ ಲೆಕ್ಕ ಕೂಡುವುದಿಲ್ಲ. ಅಬ್ಬಕ್ಕ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಇದ್ದರು ಎಂದು ಇತಿಹಾಸಕಾರರು ಹೇಳುವುದು ಅದಕ್ಕೇ. ಹೆಸರು ಒಂದಾದರೆ ಇಬ್ಬರ ಸಾಹಸವೂ ಒಬ್ಬರ ಖಾತೆಗೆ ಜಮಾ ಆಗುತ್ತದೆ.

ಕಾಗದಕ್ಕೆ ಬಂದಾಗ

ಇಷ್ಟು ಹೊತ್ತು ತಮಾಷೆಯಾಗಿ ಬರೆದೆವು. ಆದರೆ ಹೆಸರಿನ ವಿಷಯ ಕಾಗದಕ್ಕೆ ಇಳಿದಾಗ ತಮಾಷೆ ಉಳಿಯುವುದಿಲ್ಲ.

ಮೊದಲು ಜಾಗದ ಕಾಗದ. ನಮ್ಮ ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಒಂದು ಚೆಂದದ ಪದ್ಧತಿ ಉಂಟು. ಯಾವ ಜಾತಿ, ಯಾವ ಧರ್ಮದವರಾದರೂ ಅಪ್ಪನ ಹೆಸರಿಗೆ ಮೊದಲು 'ಬಿನ್' ಎಂದೇ ಬರೆಯುತ್ತಾರೆ. ಅಪ್ಪಟ ಅರಬಿ ಪದ. ಹೆಂಡತಿಯಾದರೆ 'ಕೋಂ'. 1974ರ ಭೂಸುಧಾರಣೆಯ ಬಳಿಕ ಗೇಣಿ ಜಾಗ ಉಳುವವರ ಹೆಸರಿಗೆ ಆದಾಗ ನಮ್ಮ ಎಷ್ಟೋ ಅಜ್ಜಂದಿರ ಹೆಸರು 'ಮೋನು ಬ್ಯಾರಿ ಬಿನ್ ಅಹ್ಮದ್ ಬ್ಯಾರಿ' ಎಂಬ ಹಾಗೆ ದಾಖಲಾಯಿತು. ಕರೆಯುವ ಹೆಸರೇ ಕಾಗದದಲ್ಲಿ ಕೂತುಬಿಟ್ಟಿತು. ಮಗನ ಶಾಲೆಯ ಸರ್ಟಿಫಿಕೇಟಿನಲ್ಲಿ ಅಪ್ಪ 'ಮಹಮ್ಮದ್', ಮರಣ ಪತ್ರದಲ್ಲಿ 'ಮುಹಮ್ಮದ್ ಹಾಜಿ'. ಇವತ್ತು ಪಾಲು ಮಾಡಲು ಹೊರಟರೆ ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿದವಿತ್ ಮಾಡಿಸಿ ಅಲೆಯಬೇಕು. ಪಕ್ಕದ ಜಾಗದಲ್ಲೂ ಒಬ್ಬ ಮೋನು ಬ್ಯಾರಿ ಇದ್ದರಂತೂ ಕೇಳುವುದೇ ಬೇಡ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಶರೀಅತಿನಲ್ಲಿ ಆಕೆಗೆ ಪಾಲು ಉಂಟು, ಆದರೆ ಆಕೆ ಯಾರೆಂದು ಕಾಗದ ಹೇಳಬೇಕಲ್ಲ. ಒಂದೇ ಉಮ್ಮ ಒಂದು ಕಡೆ ಫಾತಿಮಾ, ಒಂದು ಕಡೆ ಪಾತುಮ್ಮ, ಇನ್ನೊಂದು ಕಡೆ ಬೀಫಾತಿಮ. ಈ ಬೀಫಾತಿಮ ಬರೆಯುವವರ ಕೈಯಲ್ಲಿ 'ಬಿ. ಫಾತಿಮಾ' ಆಗುವುದುಂಟು. 'ಬೀ' ಎಂಬುದು ಬೀಬಿ, ಗೌರವದ ಮಾತು. ಅದು ಯಾವ ಊರಿನ ಇನ್ಷಿಯಲ್ಲೂ ಅಲ್ಲ. ಆಮೇಲೆ ಪಾಸ್‌ಪೋರ್ಟಿಗೆ ಹೋದಾಗ ಈ 'ಬಿ' ಅಂದರೆ ಏನು, ಬಂಟ್ವಾಳವ, ಬಜಪೆಯಾ ಎಂದು ಬಿಡಿಸಿ ಬರೆಯಲು ಕೇಳುತ್ತಾರೆ. ಏಕೆಂದರೆ ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ಇನ್ಷಿಯಲ್ ನಡೆಯುವುದಿಲ್ಲ, ಪೂರ್ತಿ ಹೆಸರೇ ಬೇಕು. ಗಂಡಸರಿಗೆ ಊರಿನ ಇನ್ಷಿಯಲ್ ಬಿಡಿಸುವುದು ಸುಲಭ. ಹೆಂಗಸರ ಹೆಸರಿನಲ್ಲಿ ಮೊದಲಿನಿಂದಲೂ ಊರೇ ಇರಲಿಲ್ಲ. ಅವರನ್ನು ನಾವು ಗುರುತಿಸಿದ್ದು ಇಂಥವರ ಮಗಳು, ಇಂಥವರ ಉಮ್ಮ ಎಂದು. ಹಾಗೆ ಗುರುತಿಸಿದ್ದು ಮನೆಯೊಳಗೆ ಸಾಕಾಯಿತು, ಕಚೇರಿಗೆ ಸಾಕಾಗಲಿಲ್ಲ.

ಪಾಸ್‌ಪೋರ್ಟಿನ ಇನ್ನೊಂದು ಗೊಂದಲ ಸರ್‌ನೇಮ್. ಬ್ಯಾರಿಗಳಿಗೆ ಕುಟುಂಬದ ಅಡ್ಡಹೆಸರು ಬರೆಯುವ ರೂಢಿ ಹೆಚ್ಚಿನ ಕಡೆ ಇರಲಿಲ್ಲ. ಫಾರ್ಮಿನಲ್ಲಿ ಎರಡು ಖಾನೆ ಇದೆಯಲ್ಲ ಎಂದು ಏಜೆಂಟರು ಹೆಸರನ್ನೇ ಎರಡು ತುಂಡು ಮಾಡಿದರು. ಅಬ್ದುಲ್ ಒಂದು ಕಡೆ, ರಹಿಮಾನ್ ಇನ್ನೊಂದು ಕಡೆ. ಅಬ್ದುಲ್ ಎಂದರೆ ದಾಸ. ಯಾರ ದಾಸ ಎಂಬುದು ಇನ್ನೊಂದು ಖಾನೆಗೆ ಹೋಯಿತು! ಗಲ್ಫಿನ ಆಫೀಸಿನಲ್ಲಿ ಬರೀ ಅಬ್ದುಲ್ ಎಂದು ಕರೆದರೆ ಹತ್ತು ಮಂದಿ ಏಳುತ್ತಾರೆ. ಇನ್ನು ಕೆಲವರು ಒಂದೇ ಖಾನೆಯಲ್ಲಿ ಒಂದೇ ಹೆಸರು ಬರೆಸಿ ಇನ್ನೊಂದನ್ನು ಖಾಲಿ ಬಿಟ್ಟರು. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದಾಗ ಇವರಿಗೆಲ್ಲ ದಿಗಿಲು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ಸಡಿಲ ಆಯಿತು. ಆದರೂ ಹಸೈನಾರ್ ಎಂಬ ಒಂದೇ ಹೆಸರಿನಲ್ಲಿ ಎಪ್ಪತ್ತು ವರ್ಷ ಬಾಳಿದ ಅಜ್ಜನಿಗೆ, ಮಗನನ್ನು ನೋಡಲು ಹೋಗುವಾಗ ಹೆಸರು ಸಾಲದು ಎಂದರೆ ಹೇಗೆ ಅನ್ನಿಸಬೇಕು ಹೇಳಿ!

ಊರನ್ನು ಸರ್‌ನೇಮ್ ಮಾಡಿದವರಿಗೂ ಕಷ್ಟ ತಪ್ಪಿದ್ದಲ್ಲ. ಅಣ್ಣ ಹುಟ್ಟಿದಾಗ ಮನೆ ಪಾಣೆಮಂಗಳೂರಿನಲ್ಲಿ, ತಮ್ಮ ಹುಟ್ಟುವಾಗ ಕಲ್ಲಡ್ಕದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಸರ್‌ನೇಮ್. ಮಂಗಳೂರಿಗೆ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್: 2014ರ ನವೆಂಬರ್ 1ರ ಮೊದಲಿನ ಕಾಗದದಲ್ಲಿ ಒಂದು, ಆಮೇಲಿನದರಲ್ಲಿ ಇನ್ನೊಂದು. ಮುಹಮ್ಮದ್ ಎಂಬ ಪವಿತ್ರ ಹೆಸರನ್ನು ಇಂಗ್ಲಿಷಿನಲ್ಲಿ ಎಮ್ ಆದ ಮೇಲೆ ಒ ಬರೆಯುವವರು, ಯು ಬರೆಯುವವರು, ಎ ಬರೆಯುವವರು, ಬರೀ ಎಮ್ ಡಿ ಎಂದು ಮುಗಿಸುವವರು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮಂದಿ. ಅದೇ ಕಂಪ್ಯೂಟರಿಗೆ ಅಕ್ಷರ ತಪ್ಪದ ಇಬ್ಬರು ಮುಹಮ್ಮದ್ ರಫೀಕ್‌ಗಳು ಒಬ್ಬರೇ. ಯಾರ ಮೇಲೋ ಇರುವ ಚೆಕ್ ಕೇಸಿಗೆ ಇನ್ನಾರೋ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರುವುದು ಇದೇ ಕಾರಣಕ್ಕೆ. ಹುಟ್ಟಿದ ದಿನ, ತಂದೆಯ ಹೆಸರು, ಊರು ಎಲ್ಲ ತಾಳೆ ನೋಡಿದ ಮೇಲೆಯೇ ಬಿಡುಗಡೆ.

2010ರ ಮೇ 22ರ ಬೆಳಗ್ಗೆಯನ್ನು ನಮ್ಮ ಜಿಲ್ಲೆಗಳು ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡರು, ಉಳಿದವರು 8 ಮಂದಿ. ವಿಮಾನದ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರು ಇರುತ್ತದೆ, ಊರು ಇರುವುದಿಲ್ಲ. ಆ ಪಟ್ಟಿ ಹೊರಬಂದಾಗ ಅದರಲ್ಲಿದ್ದದ್ದು ಮನೆಮನೆಯಲ್ಲೂ ಇರುವ ಹೆಸರುಗಳೇ. ಹೆಸರು ಓದಿದ ಮೇಲೆ ಉಳಿಯುವುದು ಒಂದೇ ಪ್ರಶ್ನೆ, ಯಾವ ಊರಿನವರು? ಡಿಎನ್‌ಎ ಪರೀಕ್ಷೆಯ ಬಳಿಕವೂ ಗುರುತು ಹತ್ತದ ಕೆಲವು ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು.

ಈಗಿನ ಹೊಸ ತಂದೆತಾಯಿಗಳು ಬೇರೆ ಯಾರಿಗೂ ಇಲ್ಲದ ಹೆಸರು ಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಾರೆ. ಎಲ್ಲರೂ ಹುಡುಕುವುದು ಒಂದೇ ಮೊಬೈಲಿನಲ್ಲಿ. ಅದರಿಂದ ಏನಾಯಿತೆಂದರೆ ಮದರಸದ ಒಂದನೇ ತರಗತಿಯಲ್ಲಿ ಉಸ್ತಾದರು ಝಿಯಾನ್ ಎಂದರೆ ನಾಲ್ಕು ಮಕ್ಕಳು ಎದ್ದು ನಿಲ್ಲುತ್ತವೆ. ಅಜ್ಜನ ಹೆಸರು ಇಟ್ಟಿದ್ದರೆ ಒಬ್ಬನೇ ಹಮ್ಮಬ್ಬ ಇರುತ್ತಿದ್ದ! ಅಜ್ಜನ ಹೆಸರೇ ಇಡಿ ಎಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಯಾವ ಹೆಸರಾದರೂ ಸರಿ, ಜನನ ಪತ್ರದಲ್ಲಿ ಬರೆಸುವಾಗ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿಯಾಗಿ ಸೇರಿಸಿಬಿಡಿ. ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದೇ ಥರ ಇರಲಿ. ಹೆಣ್ಣುಮಗು ಎಂದು ಬರೀ ಒಂದು ಹೆಸರಿಗೆ ನಿಲ್ಲಿಸಬೇಡಿ, ನಾಳೆ ಪಾಲು ಕೇಳಬೇಕಾದವಳು ಅವಳು. ಶಾಲೆಗೆ ಸೇರಿಸುವಾಗ, ಆಧಾರ್ ಮಾಡಿಸುವಾಗ, ಪಾಸ್‌ಪೋರ್ಟಿಗೆ ಹಾಕುವಾಗ ಮೊದಲ ಕಾಗದವನ್ನು ಕೈಯಲ್ಲಿ ಹಿಡಿದು ಅದೇ ಅಕ್ಷರ ಬರೆಸಿ. ಹಿರಿಯರು ಮನೆಯಲ್ಲಿದ್ದರೆ ಅವರ ಹಳೆಯ ಕಾಗದಗಳಲ್ಲಿ ಏನೇನು ಹೆಸರಿದೆ ಎಂದು ಅವರು ಇರುವಾಗಲೇ ಕೂತು ನೋಡಿಕೊಳ್ಳಿ. ಮೋನು ಬ್ಯಾರಿಯೂ ಮುಹಮ್ಮದ್ ಹಾಜಿಯೂ ತಾನೊಬ್ಬನೇ ಎಂದು ಅವರೇ ಅಫಿದವಿತ್ ಕೊಡುವುದಕ್ಕೂ, ಅವರ ಕಾಲದ ನಂತರ ಮಕ್ಕಳು ಸಾಕ್ಷಿ ಹುಡುಕುವುದಕ್ಕೂ ತುಂಬಾ ವ್ಯತ್ಯಾಸ ಉಂಟು.

ನಿಮ್ಮ ಊರಿಗೂ ಎಲ್ಲಾದರೂ ಜೋಡಿ ಊರು ಇದ್ದರೆ, ನಿಮ್ಮ ಮೊಹಲ್ಲಾದಲ್ಲಿ ಒಂದೇ ಹೆಸರಿನವರನ್ನು ಬಿಡಿಸಿ ಕರೆಯುವ ಚೆಂದದ ಅಡ್ಡಹೆಸರುಗಳಿದ್ದರೆ ಈ ಪುಟಕ್ಕೆ ಬರೆದು ಕಳಿಸಿ. ಅಡ್ಡಹೆಸರಿನವರ ಒಪ್ಪಿಗೆ ಮೊದಲೇ ಕೇಳಿಕೊಂಡಿರಿ, ಇಲ್ಲದಿದ್ದರೆ ಬೈಗುಳ ನಮಗೆ. ಕೆಳಗೆ ನಿಮ್ಮ ಹೆಸರಿನ ಜೊತೆ ಊರನ್ನೂ ಪೂರ್ತಿ ಬರೆಯಿರಿ ಮಾರಾಯ್ರೆ, ಇನ್ಷಿಯಲ್ ಬೇಡ. ಕಳೆದ ಸಲದ ಪತ್ರಗಳಲ್ಲಿ 'ಅಬ್ದುಲ್ ಖಾದರ್, ಉಚ್ಚಿಲ' ಎಂದು ಎರಡು ಬಂದಿವೆ, ಯಾರು ಯಾವ ಉಚ್ಚಿಲದವರೆಂದು ನಾವಿನ್ನೂ ಹುಡುಕುತ್ತಿದ್ದೇವೆ.